ಪೋಚಿ

ವಿರಾಜಪೇಟೆ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೇರೆಯವರ ಬಾಯಿಂದ ಬಂದದ್ದನ್ನು ಬೆರಳಿಗೆ ಇಳಿಸುವವಳು ನಾನು.
‘ಸಾಕ್ಷಿ ನುಡಿಯುವುದೇನೆಂದರೆ’ ಎಂದು ಸುರುಮಾಡಿ
‘ಓದಿ ಹೇಳಲಾಗಿ ಸರಿಯಿದೆ’ ಎಂದು ಮುಗಿಸುತ್ತೇನೆ.
ನಡುವೆ ಯಾರು ಏನಾದರೂ ಹೇಳಲಿ,
ಕ್ರಿಯಾಪದದ ಬಾಲ ಮಾತ್ರ ಬೇಕು ನನಗೆ:
ಹೋದನೋ, ಹೋದಳೋ, ಹೋಯಿತೋ.

ಅವತ್ತಿನ ಕೇಸು ಎರಡು ಮೂಟೆ ಕರಿಮೆಣಸು.
ಪಾಲಿಬೆಟ್ಟದ ಹತ್ತಿರದ ತೋಟ, ಮುರಿದ ಬೇಲಿ, ಮಂಜು.
ಆರೋಪಿಯ ಹೆಸರು ಕುಂಞಿ.
ಕುಂಞಿ ಎಂದರೆ ಮಗು; ಇವರಿಗೆ ನಲವತ್ತು ದಾಟಿದೆ.
ಇನ್ನೊಂದು ಹೆಸರಿಡೋಣ, ಗಂಡೋ ಹೆಣ್ಣೋ ತಿಳಿಯಲಿ
ಎಂದು ಹೆತ್ತವರು ಕಾದರಂತೆ.
ಕಾಯುತ್ತಲೇ ತೀರಿಕೊಂಡರು.
ಮುಂಡು, ಮೇಲೊಂದು ಗಂಡಸರ ಶರ್ಟು, ಮೂಗಿನಲ್ಲಿ ಹರಳು.
ಕೂಗುವ ಜವಾನ ಎರಡು ಸಲ ಕುಂಞಿ ಎಂದ,
ಮೂರನೆಯದಕ್ಕೆ ‘ಬಾರೋ’ ಎನ್ನಲು ಬಾಯಿ ತೆರೆದು
‘ಬಾರೇ’ ಎಂದು ತಿರುಗಿಸಲು ಹೋಗಿ
ಕೊನೆಗೆ ಕೈಯಲ್ಲೇ ಕರೆದ.

ತೋಟದ ಮಂದಣ್ಣ ಕೊಡವ ತಕ್ಕಿನಲ್ಲಿ ಹೇಳಿದರು: ಪೋಚಿ.
ಯಾರು? ಪೋಚಿ.
ಗಂಡಸಾ ಹೆಂಗಸಾ? ಮಂಜಲ್ಲವಾ ಸ್ವಾಮಿ, ಪೋಚಿ.
ಅವನು ಹೋದರೂ ಅವಳು ಹೋದರೂ
ಆನೆ ಹೋದರೂ ಕರೆಂಟು ಹೋದರೂ
ಆ ಮಾತಿನಲ್ಲಿ ಹೋಗುವುದು ಒಂದೇ ಥರ.
‘ಹಾಗಾದರೆ ಆನೆಯೇ ಇರಬಹುದಲ್ಲ’ ಎಂದರು ಕುಂಞಿಯ ವಕೀಲರು.
ಕೋರ್ಟು ನಕ್ಕಿತು.
ನಗುವುದಕ್ಕೆ ನಪುಂಸಕಲಿಂಗ ಸಾಕಾಯಿತು.

ಕಣ ಗುಡಿಸುವ ಆಯಿಸುಮ್ಮ ಮಲಯಾಳದಲ್ಲಿ: ಪೋಯಿ.
ಅದರಾಚೆ ಒಂದಕ್ಷರವಿಲ್ಲ.
ಅಸ್ಸಾಮಿನಿಂದ ಬಂದ ರಕೀಬುಲ್, ಮನೆಮಾತು ಬಂಗಾಳಿ:
ಶೇ ಚಲೆ ಗೆಲೊ.
ಶೇ ಅಂದರೆ? ಅವನಾ, ಅವಳಾ?
ಶೇ ಅಂದರೆ ಶೇ.
ಹಿಂದಿಯಲ್ಲಿ ಹೇಳು ಎಂದಾಗ ಒಮ್ಮೆ ಗಯಾ ಎಂದ, ಒಮ್ಮೆ ಗಯೀ.
‘ಸುಳ್ಳುಸಾಕ್ಷಿ, ಬರಕೊಳ್ಳಿ!’
ಪಾಪ, ಹತ್ತಿ ಬಂದ ರೈಲಿಗೇ ಗಯಾ ಅನ್ನಬೇಕೋ ಗಯೀ ಅನ್ನಬೇಕೋ
ಮೂರು ರಾಜ್ಯ ದಾಟಿದರೂ ತಿಳಿಯದ ಹುಡುಗ.

ನನ್ನ ಅಜ್ಜಿ ಸಂಪಾಜೆಯ ಕಡೆಯವರು.
ಸೊಸೆ ಬಂದರೆ ‘ಅದು ಬಂತು’ ಎನ್ನುತ್ತಿದ್ದರು, ದನ ಬಂದರೂ.
ಮೂರನೇ ಕ್ಲಾಸಿನ ನಾನು ತಿದ್ದಿದೆ: ಅವಳು ಬಂದಳು ಅನ್ನಬೇಕು.
‘ಶಾಲೆಗೆ ಹೋಗಿ ಕೆಟ್ಟೋಯ್ತು ಅದು’ ಎಂದು ನಕ್ಕರು.
ನನ್ನನ್ನೇ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು: ಏನು ಬರೆದಿರಿ?
ತೆರೆಯ ಮೇಲೆ ಅರ್ಧ ವಾಕ್ಯ ಮಿಣುಕುತ್ತಿತ್ತು.
ಕಚೇರಿ ಕನ್ನಡದ ಸವೆದ ನಾಣ್ಯವೊಂದು ಕೈಗೆ ಸಿಕ್ಕಿತು:
‘ಸದರಿಯವರು ಬೇಲಿ ದಾಟಿ ಹೋಗಿರುತ್ತಾರೆ.’
ಈಗ ಸರ್ಕಾರಿ ವಕೀಲರು ಎದ್ದರು.
‘ತೋಟದ ಕೂಲಿಗೆ ಅವರು, ಇವರು?’
ಗಂಡೋ ಹೆಣ್ಣೋ ಎಂಬುದು ಮರೆತೇಹೋಗಿತ್ತು ಅವರಿಗೆ.
ಮೆಣಸಿಗಿಂತ ದೊಡ್ಡ ಕಳವಾಗಿತ್ತು ಬಹುವಚನ.

ಆಗ ಕುಂಞಿ, ಕಟಕಟೆಯಿಂದ, ಕನ್ನಡದಲ್ಲೇ:
‘ನಾನು ಹೋದೆ. ಆನೆ ಓಡಿಸಲು ಹೋದೆ.
ಮೆಣಸು ಮುಟ್ಟಲಿಲ್ಲ.’
ಬೆರಳು ಎಲ್ಲೂ ತಡೆಯಲಿಲ್ಲ.
ನಾನು ಎಂದವರನ್ನು ಕನ್ನಡ ಮತ್ತೇನೂ ಕೇಳುವುದಿಲ್ಲ;
ಇಷ್ಟು ವರ್ಷ ನನ್ನ ಬಾಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಮುಂದಿನ ತಾರೀಕು ಹದಿನಾರು.
ಹೆಸರಿನ ಮುಂದೆ ಬಿನ್ ಬರೆಯಬೇಕು ಇಲ್ಲ ಕೋಂ ಬರೆಯಬೇಕು,
ಸ್ಪೇಸ್ ಒತ್ತಿ ಬಿಟ್ಟಿದ್ದೇನೆ.
ಯಾರೂ ಕೇಳಿಲ್ಲ ಇನ್ನೂ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕುಂಞಿ ಸಿಕ್ಕಿದರು.
‘ನಿಮ್ಮನ್ನು ಏನಂತ ಕರೀಲಿ?’
ಟೈಪಿಸ್ಟಮ್ಮ, ಮೇಡಂ, ಏಯ್, ಇವಳೇ, ಎಲ್ಲ ಒಟ್ಟಿಗೇ ನೆನಪಾಗಿ
ನನ್ನ ಹೆಸರು ಬಾಯಿಗೆ ಬರುವಷ್ಟರಲ್ಲಿ
ಸಿದ್ದಾಪುರದ ಬಸ್ಸು ಬಂದುಬಿಟ್ಟಿತು.

ರಾತ್ರಿ ಅಕ್ಕನಿಗೆ ಇದನ್ನೆಲ್ಲ ಹೇಳಿ
ಕೊನೆಗೆ, ಕುಂಞಿ ಪೋಚಿ, ಎಂದೆ.
ಯಾವ ಬಸ್ಸಿಗೆ, ಎಂದಷ್ಟೇ ಕೇಳಿದಳು.