ಎಂಬತ್ತು ಕಾಲಮ್ಮು

ಸ್ವಿಂಡನ್. ಫೆಬ್ರವರಿ, ಶನಿವಾರ ರಾತ್ರಿ ಹನ್ನೊಂದೂವರೆ.
ಬಿಲ್ಡಿಂಗ್ ಸೊಸೈಟಿಯ ನೆಲಮಾಳಿಗೆಯಲ್ಲಿ
ಗ್ಲೆನಿಸ್ ಪ್ರಿಚರ್ಡ್ ಸ್ವೆಟರಿನ ಮೇಲೊಂದು ಸ್ವೆಟರು ತೊಟ್ಟು
ಮೂರನೆಯದನ್ನು ಹೆಣೆಯುತ್ತ ಕೂತಿದ್ದಾಳೆ.
ಮೆಷಿನ್ನಿಗೆ ಚಳಿ ಬೇಕು. ನಮ್ಮನ್ನು ಕೇಳಿದವರಿಲ್ಲ.

ಸಾಗಿಸಬೇಕಾದ್ದು ಮೂರೇ ಮೂರು ಕಡತ:
ಕರ್ನೆಲ್ಲು,
ಅದರ ಕಿವಿಗೆ ಹೇಳಬೇಕಾದ ನಾಲ್ಕು ಮಾತಿನ ಚೀಟಿ,
ಮತ್ತೊಂದು ಬುತ್ತಿಗಂಟು, ಡಿಸ್ಕು ಸಿಗುವ ತನಕ ದಾರಿಯಲ್ಲಿ ಬಿಚ್ಚಿ ತಿನ್ನಲು.
ಹೋಗಬೇಕಾದ್ದು ಆ ಕಪ್ಪು ಬೀರುವಿನೊಳಕ್ಕೆ,
ತಾನು ಒಂದಲ್ಲ, ನಾನೂರು ಮೆಷಿನ್ನು
ಎಂದು ನಂಬಿಸಿ ಬದುಕುತ್ತಿರುವ ಬೀರು.
ಆ ನಾನೂರರಲ್ಲಿ ಇದೊಂದು ಇನ್ನೂ ಕಣ್ಣು ಬಿಟ್ಟಿಲ್ಲ.
ಇಲ್ಲಿ ಎಲ್ಲಕ್ಕೂ ನದಿಯ ಹೆಸರು. ಇದು ಕೆನೆಟ್.

ಮೊದಲ ಸಲ ಕಳಿಸಿದೆ. ಹೋಯಿತು.
ಎಷ್ಟು ಸಲೀಸಾಗಿ ಹೋಯಿತೆಂದರೆ
ಆಗಲೇ ಅನುಮಾನ ಬರಬೇಕಿತ್ತು.
ಎಬ್ಬಿಸಿದರೆ ಒಂದು ಸಾಲು ಗೊಣಗಿ
ಗೋಡೆಯ ಕಡೆ ಹೊರಳಿ ಮಲಗಿತು.

“ಬೈನರಿ ಅಂದಿಲ್ಲ ನೀನು,” ಅಂದಳು, ಕಡ್ಡಿಯಿಂದ ಕಣ್ಣೆತ್ತದೆ.
ಅಂದಿರಲಿಲ್ಲ.
ಅನ್ನದೆ ಹೋದರೆ ಅದು ಉಪಕಾರಕ್ಕೆ ನಿಲ್ಲುತ್ತದೆ.
ನನ್ನ ಕಡೆಯ ಅರವತ್ತೈದು ಅದರ ಊರಿನಲ್ಲಿ ನೂರ ತೊಂಬತ್ತಮೂರು;
ಪಾಪ, ಬಂದ ಒಂದೊಂದು ಬೈಟನ್ನೂ
ತನ್ನ ಮಾತಿಗೆ ತಿರುಗಿಸಿ ಜೋಡಿಸಿಟ್ಟಿತ್ತು.
ಅಕ್ಷರವೆಂದರೆ ಅಳಿಯದ್ದು ಎಂದು ಕಲಿತವಳು ನಾನು.
ಇಲ್ಲಿ ಅಕ್ಷರವೆಂದುಕೊಂಡದ್ದರಿಂದಲೇ ಅಳಿಯಿತು.
ಹೊತ್ತದ್ದು ಏನೆಂದು ಓದಲು ಬಾರದ ಹಮಾಲಿ ಬೇಕು,
ಅರ್ಥ ಮಾಡಿಕೊಳ್ಳುವವನ ತಲೆಗೆ ಕೊಟ್ಟರೆ ಮೂಟೆ ಕೆಟ್ಟಿತು.

“ಮತ್ತೆ ಎಂಬತ್ತು,” ಅಂದಳು.
ಸಾಲಿಗೆ ಎಂಬತ್ತು ಬೈಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ಯಾಕೆ ಎಂಬತ್ತು?
ಕೈಚೀಲ ತಡಕಿ ಒಂದು ಹಳದಿ ಕಾರ್ಡು ತೆಗೆದಳು,
ಮೂಲೆ ಕತ್ತರಿಸಿದ್ದು, ಅಲ್ಲಲ್ಲಿ ಚೌಕ ತೂತು,
ಬೆನ್ನ ಮೇಲೆ ಪೆನ್ಸಿಲಿನಲ್ಲಿ
ಹಾಲು, ಬಲ್ಬು, ಡೆರಿಕ್‌ನ ಮಾತ್ರೆ.
“ಎಣಿಸು ಬೇಕಾದರೆ.”
ಎಪ್ಪತ್ತೆಂಟರಲ್ಲಿ ಎರಡು ಸಾವಿರ ಕಾರ್ಡಿನ ಟ್ರೇ
ಇದೇ ಮೆಟ್ಟಿಲ ಮೇಲೆ ಕೈಜಾರಿ, ಬೆಳಗಿನ ತನಕ
ಮೊಣಕಾಲ ಮೇಲೆ ಕೂತು ಜೋಡಿಸಿದಳಂತೆ.
ಟ್ರೇ ಹೋಯಿತು, ಕಾರ್ಡು ಹೋಯಿತು, ತೂತು ಕೊರೆಯುವ ಯಂತ್ರ ಗುಜರಿಗೆ ಹೋಯಿತು.
ಅಳತೆ ಮಾತ್ರ ಹೋಗಲಿಲ್ಲ.

ರೀಡರಿನಲ್ಲಿ ಮೊದಲ ಸಲದ ಎಂಜಲಿತ್ತು; ತೊಳೆದೆ.
ಇಲ್ಲದ ಕಾರ್ಡಿಗೆ ಇಲ್ಲದ ಯಂತ್ರದಲ್ಲಿ ತೂತಿಟ್ಟು
ಇಲ್ಲದ ರೀಡರಿಗೆ ಒಂದರ ಹಿಂದೊಂದು ಕೊಟ್ಟೆ,
ಕರ್ನೆಲ್ಲು, ಚೀಟಿ, ಬುತ್ತಿ, ಆ ಕ್ರಮದಲ್ಲೇ.
“ನೋಹೆಡರ್ ಅನ್ನು, ಮರೀಬೇಡ.”
ತಲೆಬರಹ ಬೇಡ ಅಂದೆ.
ಹಣೆಬರಹ ಆಮೇಲೆ ನೋಡೋಣ ಅಂದುಕೊಂಡೆ, ಕನ್ನಡದಲ್ಲಿ, ತುಸು ಜೋರಾಗಿಯೇ.
“ಏನು?”
“ಏನಿಲ್ಲ.”

ಐಪಿಎಲ್ ಎಂದು ಒತ್ತಿದೆ. ಕ್ರಿಕೆಟ್ಟಿನದಲ್ಲ;
ಮಲಗಿದವನು ತನ್ನ ಜುಟ್ಟು ತಾನೇ ಹಿಡಿದು
ಹಾಸಿಗೆಯಿಂದ ಎದ್ದು ಕೂರುವ ಕೆಲಸ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ ಸಾಲು, ಸಾಲಿನ ಮೇಲೆ ಸಾಲು,
ತನ್ನ ಕೈ ಎಲ್ಲಿದೆ, ನೆನಪು ಎಷ್ಟಿದೆ,
ಗಂಟೆ ಎಷ್ಟು (ತಪ್ಪು ಹೇಳಿತು, ಒಂದು ಗಂಟೆ ಹಿಂದೆ)
ಕೊನೆಗೆ ನನ್ನನ್ನೇ ಕೇಳಿತು: ಹೆಸರು?

ಬರೆದೆ.

ಗ್ಲೆನಿಸ್ ಕುಣಿಕೆ ಎಣಿಸುತ್ತಿದ್ದವಳು ಎಲ್ಲೋ ತಪ್ಪಿ
ಕಡ್ಡಿಗೆ ವೆಲ್ಷಿನಲ್ಲಿ ಏನೋ ಅಂದಳು.
ನಾನು ಕೇಳಲಿಲ್ಲ.
ಅರ್ಧ ಸಾಲು ಬಿಚ್ಚಿ ಮತ್ತೆ ಹಿಡಿದಳು.
ಇನ್ನೂ ಐದು ನದಿ ಬಾಕಿ.