ತಣ್ಣಗಿದ್ದಾಗಲೇ

"ಆರಕ್ಕೇ ಬಾ" ಅಂದಿದ್ದರು ಮೊಯ್ದುಕಾಕ,
"ಓಡಿಸಿಕೊಂಡಲ್ಲ, ತಳ್ಳಿಕೊಂಡು."
ಗದ್ದೆಹಳ್ಳದಿಂದ ಸುಂಟಿಕೊಪ್ಪದ ತನಕ
ಜನವರಿಯ ಚಳಿಯಲ್ಲಿ ಅಷ್ಟು ಕಬ್ಬಿಣ ತಳ್ಳುತ್ತ
ಬೆವರಿದವನು ನಾನು, ಗಾಡಿಯಲ್ಲ.
ಅದು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು.
ಕಾಕ ಫಿನ್ನುಗಳ ಮೇಲೆ ಅಂಗೈ ಇಟ್ಟರು,
ಮಗುವಿನ ಜ್ವರ ನೋಡುವ ಹಾಗೆ.
ಆಗಬಹುದು, ಅಂದರು.

ಎಪ್ಪತ್ತೆಂಟರ ಬುಲೆಟ್, ಸುಬೇದಾರ್ ಬೆಳ್ಯಪ್ಪನವರದು.
ಅವರ ಮೊಣಕಾಲು ಕಿಕ್ ಒಪ್ಪದಾದ ವರ್ಷ
ಎಸ್ಟೇಟಿನ ರೈಟರ್ ಆದ ನನಗೆ ಕೊಟ್ಟರು, ಕಂತಿನಲ್ಲಿ.
ಮಸ್ಟರ್ ಪುಸ್ತಕದಲ್ಲಿ ಅರ್ಧ ಹಾಜರಿ ತಪ್ಪಿದರೂ
ನಿದ್ದೆ ಬಾರದವನು ನಾನು.
ಟಿಕ್ ಟಿಕ್ ಅನ್ನುವ ಆ ಸದ್ದು ಸಹಿಸಲಾರದೆ
ಹುತ್ತರಿಯ ಮರುದಿನ ನಾನೇ ಕುಳಿತು ಟ್ಯಾಪೆಟ್ ಬಿಗಿದೆ.
ಎಷ್ಟು ಚೆಂದ ಇತ್ತು ಆ ಮೌನ!
ತಿಂಗಳು ಕಳೆದಿರಲಿಲ್ಲ,
ಬೋಯಿಕೇರಿಯ ಏರಿನಲ್ಲಿ, ಹಿಂದೆ ಗೊಬ್ಬರದ ಮೂಟೆ,
ಉಸಿರು ಬಿಟ್ಟಿತು.
ಕಿಕ್ಕರ್ ಒದ್ದರೆ ಕಾಲಿಗೆ ಏನೂ ಅಡ್ಡ ಬರಲಿಲ್ಲ,
ಗಾಳಿಯನ್ನೇ ಒದ್ದ ಹಾಗೆ.

ಎಕ್ಸಾಸ್ಟ್ ವಾಲ್ವ್ ಬಿಚ್ಚಿ ನನ್ನ ಕೈಯಲ್ಲಿಟ್ಟಿದ್ದರು:
ಅಂಚು ಕರಕಲು, ಇಲಿ ಕಚ್ಚಿದ ಅಕ್ಕಿಒಟ್ಟಿ.
"ಬಿಸಿಯಾದರೆ ಇದು ಉದ್ದ ಆಗ್ತದೆ ರೈಟರೇ.
ಉದ್ದ ಆಗ್ಲಿಕ್ಕೆ ಜಾಗ ಕೊಡದಿದ್ರೆ
ಬಾಗಿಲು ಪೂರ್ತಿ ಮುಚ್ಚುವುದಿಲ್ಲ.
ಆ ಸಂದಿಯಲ್ಲಿ ಬೆಂಕಿ ನುಸುಳ್ತದೆ."

ಹೊಸ ವಾಲ್ವ್ ಹಾಕಿ ವಾರವಾಯಿತು. ಕೂತಿರ್ತದೆ,
ಇನ್ನೊಮ್ಮೆ ಅಳತೆ ನೋಡಬೇಕು.
ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದೆ.
ಪ್ಲಗ್ಗಿನ ತೂತಿನಲ್ಲಿ ಸೈಕಲ್ಲಿನ ಕಡ್ಡಿ
ಏರಿತು, ಏರಿತು, ನಿಂತಿತು.
"ಇದಲ್ಲ. ಇದು ಹೊಗೆ ಬಿಡುವ ಏರು. ಇನ್ನೊಂದು ಸುತ್ತು."
ಮತ್ತೆ ಏರಿತು. ಎರಡು ರಾಡೂ ಸುಮ್ಮನಿದ್ದವು.
ಎರಡೂ ಬಾಗಿಲು ಮುಚ್ಚಿಕೊಂಡ ಗಳಿಗೆ,
ಆಗ ಮಾತ್ರ ಕೈ ಹಾಕಬೇಕಂತೆ.

ಗೋಡೆಗೆ ನೇತಾಡುವ ಗೇಜು ಬೇರೆ ಗಾಡಿಗಳಿಗೆ.
ಇದಕ್ಕೆ ಎರಡು ಬೆರಳು:
ಪುಶ್‌ರಾಡನ್ನು ಉರುಳಿಸಿ ನೋಡಿದರು,
ಕಣದಲ್ಲಿ ಕಾಫಿಬೀಜದ ತೇವ ನೋಡುವ ಹಾಗೆ.
ಸುತ್ತಬೇಕು. ಕುಣಿಯಬಾರದು.
ಇನ್‌ಲೆಟ್ಟಿಗೆ ಅಷ್ಟು ಸಾಕು.
ಎಕ್ಸಾಸ್ಟಿಗೆ ಕೂದಲೆಳೆ ಹೆಚ್ಚು,
ಬೆಂಕಿ ಅದರ ಪಾಲಿಗೆ ತಾನೆ ಬಂದದ್ದು.

ಲಾಕ್ ನಟ್ ಬಿಗಿದರೆ ಅಳತೆ ಕೆಟ್ಟಿತು.
ಸಡಿಲಿಸಿದರು, ಬಿಗಿದರು, ಮತ್ತೆ ಕೆಟ್ಟಿತು.
ಮಲಯಾಳದಲ್ಲಿ ನಟ್ಟಿನ ಅಜ್ಜಿಯ ತನಕ ಬೈದು
ಐದನೆಯ ಸಲಕ್ಕೆ ನಿಲ್ಲಿಸಿದರು.

ಎರಡನೇ ಕಿಕ್ಕಿಗೆ ಎದ್ದಿತು.
ಕಾಕ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಮುಚ್ಚಳಕ್ಕೂ
ಹಿಡಿಯನ್ನು, ಕಿವಿಗಲ್ಲ, ದವಡೆಯ ಎಲುಬಿಗೂ ಒತ್ತಿ
ಕಣ್ಣು ಮುಚ್ಚಿದರು.
"ಟಿಕ್ ಟಿಕ್ ಉಂಟಾ?" ಕೇಳಿದರು, ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಉಂಟು, ಅಂದೆ.
ಉಂಟಾ? ಮತ್ತೆ ಕೇಳಿದರು.
ಅಷ್ಟು ಹೊತ್ತೂ ಅವರು ನನ್ನ ತುಟಿ ನೋಡಿ
ಉತ್ತರ ಕೊಡುತ್ತಿದ್ದರೆಂದು ಆಗ ತಿಳಿಯಿತು.

ಅವರ ಗ್ರೀಸು ಮೆತ್ತಿದ ಮೊಣಕೈಯ ಮೇಲೆ
ಬೆರಳಿಂದ ಬಡಿದು ತೋರಿಸಿದೆ,
ಇಂಜಿನ್ ಹೇಳಿದಂತೆಯೇ, ಅದರದೇ ಲಯಕ್ಕೆ.
ಮುಚ್ಚಿದ ಕಣ್ಣಲ್ಲೇ ನಕ್ಕರು.
"ಹಾಂ. ಬಿಸಿಯಾದ ಮೇಲೂ ಮಾತಾಡ್ತಾ ಇರಬೇಕು.
ಮಾತು ನಿಲ್ಲಿಸಿದ ದಿನ ಬಾ."

ಮಸ್ಟರಿಗೆ ಹತ್ತು ನಿಮಿಷ ತಡ.
ಗೇಟು ದಾಟುವ ಮೊದಲೇ ಕುಯ್ಲಿನವರು
ಬೆಂಕಿ ಬಿಟ್ಟು ಎದ್ದು ಚೀಲ ಸೊಂಟಕ್ಕೆ ಕಟ್ಟಿದ್ದರು.
"ತಿರುವಿನಲ್ಲೇ ಕೇಳಿಸ್ತು ರೈಟರೇ" ಅಂದಳು ಪಾಪಾತಿ.
ಅವತ್ತು ತಡವಾಗಿ ಬಂದವರು ಮೂವರು,
ನನ್ನನ್ನೂ ಸೇರಿಸಿ.
ಮೂವರಿಗೂ ಪೂರ್ತಿ ಹಾಜರಿ ಬರೆದೆ.