ಎಂಟನೇ ಹಾಡು, ಮೂರನೇ ಟೇಕು

ಆಷಾಢದಾಗ ಲಗ್ನ ಇಲ್ಲ, ಅದಕ್ಕ ಇಜಾಜನ ಟ್ರಂಪೆಟ್ ಖಾಲಿ.
ಬ್ಯಾಂಡ್ ಕಂಪನಿ ಕೆಂಪು ಕೋಟು ಮೊಳಿಗೆ ಸಿಗಿಸಿ
ಬರೇ ಬನೀನಿನ್ಯಾಗ ಬರತಾನ ವಡಗಾವಿಗೆ,
ಸೈಕಲ್ಲಿನ ಹಿಂದ ಹಿತ್ತಾಳಿ ಕಟಗೊಂಡು.
ವರ್ಷಾಪೂರ್ತಿ ಮಂದಿ ಮದುಮಗನ ಕುದುರಿ ಮುಂದ ಊದಿದಾಂವ
ಈ ತಿಂಗಳು ನಮಗ ಊದತಾನ, ಚಾ-ಚುರಮರಿ ಮ್ಯಾಲೆ.

ಮಗ್ಗ ಇದ್ದ ಖೋಲಿನ ಸ್ಟುಡಿಯೋ.
ಮಗ್ಗ ಕಿಲೋ ಲೆಕ್ಕದಾಗ ಗುಜರಿಗೆ ಹೋತು,
ನೆಲದಾಗ ಉಳದದ್ದು ನಾಕು ಬೋಲ್ಟಿನ ತಲಿ.
ಫಿಲೋಮಿನಾ ಡ್ರಮ್ಮಿನ ಕಾಲಿಗೆ ಹಗ್ಗ ಹಾಕಿ
ಅವಕ್ಕ ಬಿಗದಾಳ; ಇಲ್ಲಂದ್ರ ಅಕಿ ಹೊಡತಕ್ಕ
ಅದು ಅಡಗಿಮನಿ ತನಾ ನಡಕೋತ ಹೋಗತೈತಿ.
ಗ್ವಾಡಿಗೆ ಮೂರು ಕೌದಿ.
ಒಂದರಾಗ ಅಪ್ಪನ ಲುಂಗಿ, ನನ್ನ ಸಾಲಿ ಫ್ರಾಕು,
ಯಾರದೋ ಗೊತ್ತಿಲ್ಲದ ಒಂದು ನೀಲಿ ತುಂಡು.
ಆದರೂ ಬಾಜೂ ಮನಿ ಮಗ್ಗ ಒಳಗ ಬರತೈತಿ, ಖಟಕ್, ಖಟಕ್.
ಬರಲಿ ಬಿಡು, ಅಂತಾನ ಭೂಪಾಲ ಬೇಸ್ ಶ್ರುತಿ ಮಾಡಕೋತ,
ಪಗಾರ ಕೇಳೂದಿಲ್ಲ.

ನಮ್ಮದು ಸ್ಕಾ-ಪಂಕ್ ಅಂದ್ರ
ಪಂಖಾ ರಿಪೇರಿ ಮಾಡತೀರೇನು ಅಂತ ಓಣಿ ಮಂದಿ ಕೇಳ್ಯಾರ.
ಬಿಡಿಸಿ ಹೇಳಾಕ ಬರೂದಿಲ್ಲ.
ಪೆಟ್ಟು ಬೀಳೂ ಜಾಗಾ ಬಿಟ್ಟು, ಅದರ ಬೆನ್ನಿಗೆ
ತಂತಿ ಕೆಳಗಿಂದ ಮ್ಯಾಲಕ ಕಿತ್ತೂದು.
ಕತ್ತಲಾಗ ಇಳಿಯೂವಾಗ ಒಂದು ಮೆಟ್ಟಲಾ ಇಲ್ಲ ಅನಸತೈತಿ,
ಬಿದ್ದೆ ಅನ್ನೂದರಾಗ ಕಾಲಿಗೆ ನೆಲಾ ಸಿಗತೈತಿ. ಹಂಗ.

ಹಿಂದಿನ ಎರಡು ಆಲ್ಬಮ್ಮು ಗಟಾರದ ಮ್ಯಾಲೆ,
ಕಾರ್ಪೊರೇಶನ್ ಮ್ಯಾಲೆ, ತಿಳಕವಾಡಿ ರೈಲ್ವೆ ಗೇಟಿನ ಮ್ಯಾಲೆ.
ಮಂದಿ ಕುಣದ್ರು. ಬೈಯೂದು ಸಸಾರ.
ಈ ಸಲ ಮನಿ ಬಗ್ಗೆ, ಮನ್ಯಾಗ ಕುಂತು.
ಭೂಪಾಲ ಬರದಾನ, ಬಸದಿಗೆ ಹೋಗೂದು ಬಿಟ್ಟ ಮುಂಜಾನಿ.
ಫಿಲೋಮಿನಾಂದು ಕ್ಯಾಂಪಿನ ದವಾಖಾನಿ:
ಎರಡು ನಿಮಿಷ, ಮಾತಿಲ್ಲ, ಬರೇ ಡ್ರಮ್ಮು.
ಇಜಾಜ್ ಬರದಿಲ್ಲ. ಬಾಯಾಗ ಹಿತ್ತಾಳಿ ಇಟಗೊಂಡಾಂವ
ಏನ್ ಹೇಳಲಿ, ಅಂದ.

ಎಂಟನೇದು ನಂದು.
ನಾ ಏಳನೇ ಇಯತ್ತೆ ಇದ್ದಾಗ ಅವ್ವ
ಕಂಡಿಕಿ ಸುತ್ತೂದು ಅರ್ಧಕ್ಕ ಬಿಟ್ಟು ಎದ್ದು ಹೋದ್ಲು.
ಹನ್ನೊಂದು ದಿನಕ್ಕ ತಿರುಗಿ ಬಂದು
ಅದೇ ಎಳಿ ಹಿಡದು ಸುತ್ತಿದ್ಲು.
ಯಾರೂ ಕೇಳಲಿಲ್ಲ. ಅಪ್ಪ ಕೇಳದನ ಸತ್ತ.
ಈಗ ನಾ ಮೈಕಿನ್ಯಾಗ ಕೇಳೀನಿ: ಎಲ್ಲಿ ಹೋಗಿದ್ದಿ, ಎಲ್ಲಿ ಹೋಗಿದ್ದಿ,
ನಿಮಿಷಕ್ಕ ನೂರಾ ತೊಂಬತ್ತು ಪೆಟ್ಟಿನ ಓಟದಾಗ.
ಎದುರಿಗೆ ಕೇಳೂ ಧೈರ್ಯ ಇದ್ದಿದ್ರ
ಗಿಟಾರ್ ಯಾಕ ಬೇಕಿತ್ತು?

ಮೊದಲನೇ ಟೇಕು ಕುಕ್ಕರ್ ತಿಂತು. ಎರಡನೇದು ಕರೆಂಟು.
ಮೂರನೇದಕ್ಕ, ಇಜಾಜ್ ಬಚ್ಚಲಾಗ ನಿಂತು ಊದಾಕತ್ತಾಗ,
ಅವ್ವ ಬಾಗಲಾ ತಗದ್ಲು, ಮೊಣಕೈ ತನಾ ಜ್ವಾಳದ ಹಿಟ್ಟು.
ನಾವು ನಿಲ್ಲಸಲಿಲ್ಲ. ನಿಲ್ಲಸಾಕ ಆಗಲಿಲ್ಲ.
ಬೋಲ್ಟಿನ ತಲಿ ಮ್ಯಾಲೆ ಕಾಲಿನ ಹೆಬ್ಬಟ್ಟು ಊರಿ
ಪೂರಾ ಕೇಳಿದ್ಲು.
ಮುಗದಾಗ ಸಿಂಬಲ್ಲು ಇನ್ನೂ ನಡಗಾಕತ್ತಿತ್ತು.

“ಇಷ್ಟು ಜೋರ್ ಹೋಗಿರಲಿಲ್ಲ ನಾ” ಅಂದ್ಲು.
“ನಿಧಾನಕ್ಕ ಹೋಗಿದ್ದೆ. ಖಾನಾಪುರ ತನಾ ನಡಕೋತ.”
ಆಮ್ಯಾಲೆ, “ಬರೂವಾಗ ಬಸ್ಸು.”
ಒಳಗ ರೊಟ್ಟಿ ಹೊತ್ತಿದ ವಾಸನಿ. ಹೋದ್ಲು.

ಸ್ಕ್ರೀನಿನ ಮ್ಯಾಲೆ ಅವ್ವನ ಮಾತು,
ಕಂಡಿಕಿಯಂಗ, ನಡಕ ಉಬ್ಬಿ ಎರಡೂ ಕಡೆ ಸಣ್ಣಾಗಿ.
ಅಳಸಲೇನು? ಅಂದ ಭೂಪಾಲ, ಬಟ್ಟು ಗುಂಡಿ ಮ್ಯಾಲಿಟ್ಟು.
ಫಿಲೋಮಿನಾ ಕಡ್ಡಿ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು.
ನಾ ಶ್ರುತಿ ಸರಿ ಇದ್ದ ತಂತಿನ
ಮತ್ತ ಶ್ರುತಿ ಮಾಡಾಕತ್ತೆ.

ಬಚ್ಚಲದಿಂದ ಇಜಾಜ್ ಒದರಿದ, ಅಂವಗ ಏನೂ ಕೇಳಿಸಿರಲಿಲ್ಲ:
ಆತೇನು? ಇನ್ನೊಮ್ಮೆ ಊದಲೇನು?
ಲಗೂನ ಹೇಳರೆಪಾ,
ಶ್ರಾವಣಕ್ಕ ನಾಕ ದಿನ ಐತಿ.